ಕೊವೆಂಟ್ರಿಯ ಪಾಠ ಕರೂರಿಗೂ ಬರಲಿ

ವಾಹನ ಎಂಜಿನಿಯರಿಂಗ್ ಶಿಕ್ಷಣದಲ್ಲಿ ವಿದೇಶಿ ಸಹಭಾಗಿತ್ವ ಕರ್ನಾಟಕಕ್ಕೆ ಹೊಸದಲ್ಲ. ಬ್ರಿಟನ್ನಿನ ಮೋಟಾರು ಉದ್ಯಮದ ತವರಾದ ಕೊವೆಂಟ್ರಿಯ ವಿಶ್ವವಿದ್ಯಾಲಯದೊಂದಿಗೆ ಕೈಜೋಡಿಸಿ, ಬೆಂಗಳೂರಿನ ಎಂ.ಎಸ್. ರಾಮಯ್ಯ ಸಂಸ್ಥೆ ಆಟೊಮೋಟಿವ್ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿಯನ್ನು ಇಲ್ಲಿಯೇ ಕಲಿಸಿತು. ಅದಕ್ಕೂ ಮುಂಚೆ, 1972ರಲ್ಲಿ, ಡೆನ್ಮಾರ್ಕ್ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಹುಟ್ಟಿದ್ದೂ ಬೆಂಗಳೂರಿನಲ್ಲೇ.

ಆದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಕರೂರಿನ ಮಕ್ಕಳಿಗೆ ಇದರಿಂದ ಏನು ದಕ್ಕಿತು? ಇದು ಭತ್ತದ ನಾಡು. ಕೊಯ್ಲಿನ ಹೊತ್ತಿಗೆ ಹಾರ್ವೆಸ್ಟರ್ ಎಂಜಿನ್ ಮುಗ್ಗರಿಸಿದರೆ, ಕಪ್ಪು ಹೊಗೆ ನೋಡಿಯೇ ಇಂಜೆಕ್ಟರ್ ಕೆಟ್ಟಿದೆಯೋ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯೋ ಎಂದು ಅಂದಾಜಿಸುವ ಮೆಕ್ಯಾನಿಕ್‌ಗಳು ಇಂಥ ಊರುಗಳಲ್ಲಿದ್ದಾರೆ. ಆ ಕೈಗಳಿಗೆ ಪ್ರಯೋಗಾಲಯ ಸಿಗಬೇಕು. ಇದೇ ಜಿಲ್ಲೆಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂ ಕಾರ್ಖಾನೆ, ಜಪಾನಿನ ಜೆಎಫ್‌ಇ ತಂತ್ರಜ್ಞಾನ ಪಡೆದು, ಕಾರುಗಳಿಗೆ ಬೇಕಾದ ಉಕ್ಕಿನ ಹಾಳೆ ತಯಾರಿಸುತ್ತಿದೆ. ಉಕ್ಕಿಗೆ ಅಡ್ಡಬಾರದ ಗಡಿ ಪಾಠಕ್ಕೇಕೆ ಅಡ್ಡಬರಬೇಕು?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಮುಂದಿನ ವಿದೇಶಿ ಒಪ್ಪಂದಕ್ಕೆ ಸಹಿ ಹಾಕುವಾಗ ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳನ್ನೂ ಸೇರಿಸಿಕೊಳ್ಳಲಿ. ಕಾರಿನ ಜೊತೆಗೆ ಟ್ರ್ಯಾಕ್ಟರ್, ಹಾರ್ವೆಸ್ಟರ್‌ಗಳೂ ಪಠ್ಯಕ್ಕೆ ಬರಲಿ. ಎಲ್ಲಕ್ಕಿಂತ ಮೊದಲು ಇಲ್ಲಿನ ಅಧ್ಯಾಪಕರು ಒಂದು ಸೆಮಿಸ್ಟರ್ ಹೊರದೇಶದ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬರುವಂತಾಗಬೇಕು. ಅದರ ಖರ್ಚನ್ನು ವಿದ್ಯಾರ್ಥಿಗಳ ಶುಲ್ಕದ ಮೇಲೆ ಹೇರದೆ ಸರ್ಕಾರವೇ ಭರಿಸಬೇಕು.