ಸಾಲಿನ ತುದಿಯ ಕಾಣದ ಅಕ್ಷರ

ಗಣಕಯಂತ್ರದಲ್ಲಿ ಕನ್ನಡ ಬರೆಯುವವರಿಗೆ ಪದಗಳ ಅಡಿಯಲ್ಲಿ ಮೂಡುವ ಕೆಂಪು ಗೆರೆಯು ಪರಿಚಿತವಾದುದಷ್ಟೆ. ಅದನ್ನು ಕಂಡೊಡನೆ ನಾವು ನಮ್ಮ ಕಾಗುಣಿತವನ್ನು ಶಂಕಿಸುತ್ತೇವೆಯೇ ಹೊರತು ಯಂತ್ರದ ಪದಪಟ್ಟಿಯನ್ನಲ್ಲ. ಈ ವಿನಯವು ಸರ್ವದಾ ಯುಕ್ತವಲ್ಲ.

ತುಮಕೂರಿನಲ್ಲಿ ನಮ್ಮ ವಿದ್ಯಾರ್ಥಿಗಳು ಕಾಗುಣಿತ ಪರೀಕ್ಷೆಗಾಗಿ ಊರುಗಳ ಮತ್ತು ಬೇಸಾಯದ ಪದಗಳ ಪಟ್ಟಿಯೊಂದನ್ನು ಮಾಡಿದರು. ಗುಬ್ಬಿಯ ಕಡೆಯವರು ತಮ್ಮ ಪಾಲನ್ನು ವಿಂಡೋಸ್ ಯಂತ್ರದಲ್ಲಿಯೂ ಕುಣಿಗಲ್ ಕಡೆಯವರು ಲಿನಕ್ಸ್ ಯಂತ್ರದಲ್ಲಿಯೂ ಬರೆದು ತಂದರು. ಎರಡನ್ನೂ ಜೋಡಿಸಿ, ನಾವೇ ರಚಿಸಿದ್ದ ಸಣ್ಣ ಪ್ರೋಗ್ರಾಮಿಗೆ ಒಪ್ಪಿಸಿದಾಗ ಸೋಜಿಗವೊಂದು ಕಂಡಿತು. ಕುಣಿಗಲ್ ಸರಿ, ಗುಬ್ಬಿ ತಪ್ಪು! ಊರಾಗಿಯೂ ಹಕ್ಕಿಯಾಗಿಯೂ ಕನ್ನಡಕ್ಕೆ ಸಲ್ಲುವ ಪದವದು. ವಿದ್ಯಾರ್ಥಿನಿಯೊಬ್ಬಳಂತೂ, ಸ್ವಂತ ಊರಿನ ಹೆಸರನ್ನೇ ಇಷ್ಟು ದಿನ ತಪ್ಪಾಗಿ ಬರೆದೆನೋ ಎಂದು ಅಳುಕಿ, ತನ್ನ ಪ್ರಬಂಧದಲ್ಲೆಲ್ಲ ಬಕಾರದ ಒತ್ತನ್ನು ತೆಗೆದುಬಿಟ್ಟಿದ್ದಳು.

ದೋಷವಿದ್ದುದು ಸಾಲಿನ ತುದಿಯಲ್ಲಿ. ಇಂಥ ಪಟ್ಟಿಗಳಲ್ಲಿ ಸಾಲಿಗೊಂದು ಪದವಿರುತ್ತದೆ. ಸಾಲು ಮುಗಿಯಿತೆಂಬುದನ್ನೂ ಯಂತ್ರಕ್ಕೆ ಒಂದು ಸಂಕೇತದಿಂದಲೇ ತಿಳಿಸಬೇಕು. ಹಿಂದಿನ ಟೆಲಿಪ್ರಿಂಟರುಗಳಲ್ಲಿ ಇದಕ್ಕೆ ಎರಡು ಆಜ್ಞೆಗಳಿದ್ದವು: ಮುದ್ರಿಸುವ ಭಾಗವು ಎಡಕ್ಕೆ ಮರಳಲು ಒಂದು, ಕಾಗದವು ಮೇಲೇರಲು ಇನ್ನೊಂದು. ಸಂಖ್ಯೆಯಲ್ಲಿ ಇವು 13 ಮತ್ತು 10. ಟೆಲಿಟೈಪ್ 33 ಎಂಬ ಯಂತ್ರವು ಸೆಕೆಂಡಿಗೆ 10 ಅಕ್ಷರಗಳನ್ನು ಅಚ್ಚೊತ್ತುತ್ತಿತ್ತು. ಬಲ ಅಂಚಿನಿಂದ ಎಡಕ್ಕೆ ಓಡಿಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಲದು. ಎರಡನೆಯ ಆಜ್ಞೆಯ ವೇಳೆಯು ಆ ಓಟಕ್ಕೆ ಒದಗುತ್ತಿತ್ತು. ಓಡುವ ಲೋಹದ ತುಂಡು ಇಂದಿಲ್ಲ. ಆದರೂ ವಿಂಡೋಸ್ ಎರಡನ್ನೂ ಬರೆಯುತ್ತದೆ. ಲಿನಕ್ಸ್ 10ನ್ನು ಮಾತ್ರ. ನಮ್ಮ ಪ್ರೋಗ್ರಾಮು 10ನ್ನು ಕಂಡಲ್ಲಿ ಸಾಲನ್ನು ಕತ್ತರಿಸಿ, 13ನ್ನು ಗುಬ್ಬಿಯ ಬಾಲಕ್ಕೆ ಉಳಿಸಿತ್ತು.

ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಲ್ಲಿರುವ ಹನ್‌ಸ್ಪೆಲ್ ಪರೀಕ್ಷಕವು ಪಟ್ಟಿಯನ್ನು ಓದುವಾಗಲೇ ಈ 13ನ್ನು ಕಳಚಿಬಿಡುತ್ತದೆ. ಆದ್ದರಿಂದ ಇದು ಅಲ್ಪ ವಿಷಯವೆನ್ನುವವರುಂಟು. ನಾನು ಒಪ್ಪಲಾರೆ. ಪಟ್ಟಿಯನ್ನು ಓದುವುದು ಪರೀಕ್ಷಕವೊಂದೇ ಅಲ್ಲ. ಮನುಷ್ಯರು ಅದನ್ನು ವಿಂಗಡಿಸುತ್ತಾರೆ, ಕೂಡಿಸುತ್ತಾರೆ, ತಿದ್ದುತ್ತಾರೆ. ಒಂದೇ ಪದ ಎರಡು ಬಾರಿ ಉಳಿದರೆ ಹೇಗೋ ಸಹಿಸಬಹುದು. ಆದರೆ ಒಬ್ಬರು ಒಂದು ಲಕಾರವನ್ನು ಳಕಾರಕ್ಕೆ ತಿದ್ದಿ ಬೇರೆ ಬಗೆಯ ಯಂತ್ರದಲ್ಲಿ ಉಳಿಸಿದರೆನ್ನಿ. ಸಾಲುಗಳ ತುದಿಗಳೆಲ್ಲ ಬದಲಾಗಿ, ತುಲನೆ ಮಾಡುವ ಪ್ರೋಗ್ರಾಮು ಇಡೀ ಪಟ್ಟಿಯೇ ಹೊಸದೆಂದು ಸಾರುತ್ತದೆ. ಸಾವಿರಾರು ಹುಸಿ ಬದಲಾವಣೆಗಳ ನಡುವೆ ಆ ಒಂದು ನಿಜವಾದ ತಿದ್ದುಪಡಿ, ಸರಿಯಿರಲಿ ತಪ್ಪಿರಲಿ, ಯಾರ ಕಣ್ಣಿಗೂ ಬೀಳದೆ ಒಳನುಗ್ಗುತ್ತದೆ. ಅದರ ಫಲವಾಗಿ ಯಾರದೋ ಸರಿಯಾದ ಪದದ ಕೆಳಗೆ ಕೆಂಪು ಗೆರೆ ಮೂಡುತ್ತದೆ.

ಆದುದರಿಂದ ಕನ್ನಡ ಪದಪಟ್ಟಿ ಮಾಡುವವರು ಸಾಲುಗಳೆಲ್ಲ 10ರಿಂದಲೇ ಮುಗಿಯತಕ್ಕದ್ದೆಂದು ಮೊದಲೇ ನಿಯಮಿಸಿಕೊಳ್ಳಬೇಕು. ಗಿಟ್ ಬಳಸುವವರಿಗೆ ಇದು ಒಂದೇ ಸಾಲಿನ ಆಜ್ಞೆ.

ನಮ್ಮ ಪಟ್ಟಿಯಿಂದ 13ನ್ನು ಕಿತ್ತೊಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಆ ವಿದ್ಯಾರ್ಥಿನಿಯು ತನ್ನ ಪ್ರಬಂಧದಲ್ಲಿ ಒತ್ತುಗಳನ್ನೆಲ್ಲ ಮರಳಿ ಹಚ್ಚಲು ಅರ್ಧ ಗಂಟೆ ಕುಳಿತಳು.