ಸಾಲದ ಪತ್ರವೂ ಬಾವಿಯ ವಿಷವೂ

1349ರ ಚಳಿಗಾಲದಲ್ಲಿ ಆಲ್ಸೇಸ್ ಪ್ರಾಂತ್ಯದ ಬೆನ್‌ಫೆಲ್ಡ್ ಎಂಬ ಊರಿನಲ್ಲಿ ಬಿಷಪ್, ಪಾಳೆಯಗಾರರು ಮತ್ತು ಸುತ್ತಲಿನ ನಗರಗಳ ಪ್ರತಿನಿಧಿಗಳು ಸಭೆ ಸೇರಿದ್ದರು. ದಕ್ಷಿಣದಿಂದ ಪ್ಲೇಗು ಏರಿ ಬರುತ್ತಿತ್ತು. ಯಹೂದಿಗಳು ಬಾವಿಗಳಿಗೆ ವಿಷ ಬೆರೆಸುತ್ತಿದ್ದಾರೆಂಬ ಸುದ್ದಿ ಪ್ಲೇಗಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡುತ್ತಿತ್ತು. ಸ್ಟ್ರಾಸ್‌ಬರ್ಗ್‌ನಿಂದ ಬಂದವರು ತಮ್ಮೂರ ಯಹೂದಿಗಳ ಮೇಲೆ ತಮಗೇನೂ ದೂರಿಲ್ಲ ಎಂದರು. ಹಾಗಾದರೆ ನಿಮ್ಮ ಬಾವಿಗಳ ಬಾಯಿ ಮುಚ್ಚಿ, ನೀರು ಸೇದುವ ಕೊಡಗಳನ್ನು ಎತ್ತಿಟ್ಟಿರುವುದು ಏಕೆ ಎಂದು ಉಳಿದವರು ಕೇಳಿದರು. ಎಚ್ಚರಿಕೆಗೆಂದು ಮಾಡಿದ್ದೇ ಅಪರಾಧಕ್ಕೆ ಸಾಕ್ಷಿಯಾಯಿತು.

ಮುಂದಿನದು ಬಹಳ ಬೇಗ ನಡೆದುಹೋಯಿತು. ಸ್ಟ್ರಾಸ್‌ಬರ್ಗ್‌ನಲ್ಲಿ ಯಹೂದಿಗಳ ಪರ ನಿಂತಿದ್ದ ಪೀಟರ್ ಶ್ವಾರ್ಬರ್ ಮತ್ತು ಅವನ ಇಬ್ಬರು ಜೊತೆಗಾರರನ್ನು ಕಸುಬುದಾರರ ಸಂಘಗಳು ಅಧಿಕಾರದಿಂದ ಇಳಿಸಿದವು. ಫೆಬ್ರುವರಿ 14ರಂದು ಯಹೂದಿಗಳನ್ನು ಅವರದೇ ಸ್ಮಶಾನಕ್ಕೆ ಕರೆದೊಯ್ದು, ಮರದ ಅಟ್ಟಣೆ ಕಟ್ಟಿ ಸುಟ್ಟರು. ಸತ್ತವರು ಎರಡು ಸಾವಿರ ಎಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಅಷ್ಟಿರಲಾರದು ಎನ್ನುವ ಇತಿಹಾಸಕಾರರೂ ಇದ್ದಾರೆ. ಆದರೆ ಒಂದು ಸಂಗತಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಂದು ಆ ನಗರಕ್ಕೆ ಪ್ಲೇಗು ಇನ್ನೂ ಬಂದೇ ಇರಲಿಲ್ಲ. ಅದು ಕಾಲಿಟ್ಟಿದ್ದು ಬೇಸಿಗೆಯಲ್ಲಿ, ಊರಿನಲ್ಲಿ ಯಹೂದಿಗಳೇ ಇಲ್ಲದಿದ್ದಾಗ.

ಸುಟ್ಟ ಬಳಿಕ ನಡೆದ ಲೇವಾದೇವಿಯೇ ಹೆಚ್ಚು ಮಾತಾಡುತ್ತದೆ. ಯಹೂದಿಗಳ ಬಳಿ ಅಡವಿಟ್ಟ ಒಡವೆಗಳನ್ನೂ ಸಾಲದ ಪತ್ರಗಳನ್ನೂ ಸಾಲಗಾರರಿಗೆ ಮರಳಿಸಲಾಯಿತು. ಕೈಗೆ ಸಿಕ್ಕ ನಗದನ್ನು ಸಂಘಗಳವರು ಹಂಚಿಕೊಂಡರು. ಮನಸ್ಸು ಚುಚ್ಚಿದ ಕೆಲವರು ಪಾದ್ರಿಗಳ ಸಲಹೆಯಂತೆ ತಮ್ಮ ಪಾಲನ್ನು ಚರ್ಚಿಗೆ ಕೊಟ್ಟರಂತೆ. ಇದನ್ನೆಲ್ಲ ಬರೆದಿಟ್ಟವನು ಅದೇ ನಗರದ ಯಾಕೋಬ್ ಟ್ವಿಂಗರ್ ಎಂಬ ಪಾದ್ರಿ. ಯಹೂದಿಗಳನ್ನು ಕೊಂದ ನಿಜವಾದ ವಿಷ ಅವರ ದುಡ್ಡೇ ಎಂಬ ಅಭಿಪ್ರಾಯ ಅವನದು. ಇಪ್ಪತ್ತನೆಯ ಶತಮಾನದ ಯಾವುದೋ ಅರ್ಥಶಾಸ್ತ್ರಜ್ಞ ಕಂಡುಹಿಡಿದ ಸತ್ಯವೇನಲ್ಲ ಅದು.

ಯಹೂದಿಗಳು ಸಾಲ ಕೊಡುವ ಕಸುಬಿಗೆ ಬಿದ್ದಿದ್ದೂ ತಾವಾಗಿ ಅಲ್ಲ. ಕುಶಲಕರ್ಮಿ ಸಂಘಗಳ ಬಾಗಿಲು ಅವರಿಗೆ ಮುಚ್ಚಿತ್ತು, ಹೆಚ್ಚಿನ ಕಡೆ ಜಮೀನು ಹೊಂದುವುದೂ ಕಷ್ಟವಿತ್ತು. ಕ್ರೈಸ್ತರು ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ಚರ್ಚು ಸಾರಿತ್ತು. ಸಾಲ ಮಾತ್ರ ಎಲ್ಲರಿಗೂ ಬೇಕಿತ್ತು. ಯಹೂದಿಗಳು ಬಡ್ಡಿ ವಸೂಲು ಮಾಡಿದರೆ, ಅರಸರು ತೆರಿಗೆಯ ಹೆಸರಿನಲ್ಲಿ ಅವರಿಂದಲೇ ಅದನ್ನು ಹಿಂಡಿಕೊಳ್ಳುತ್ತಿದ್ದರು. ಜನರ ಶಾಪ ಮಾತ್ರ ಯಹೂದಿಯ ಪಾಲಿಗೆ. 1190ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಯಹೂದಿಗಳು ಕೋಟೆಯೊಳಗೆ ಸಿಕ್ಕಿಬಿದ್ದು ಸತ್ತ ಮೇಲೆ, ದಂಗೆಕೋರರು ನೇರವಾಗಿ ದೊಡ್ಡ ಚರ್ಚಿಗೆ ಹೋಗಿ ಅಲ್ಲಿ ಭದ್ರವಾಗಿಟ್ಟಿದ್ದ ಸಾಲದ ಪತ್ರಗಳನ್ನು ತೆಗೆಸಿ ಸುಟ್ಟರು. ನ್ಯೂರೆಂಬರ್ಗ್‌ನ ಕಥೆ ಇನ್ನೂ ಹೇಸಿಗೆಯದು. 1349ರ ನವೆಂಬರಿನಲ್ಲೇ ಅರಸ ನಾಲ್ಕನೆಯ ಚಾರ್ಲ್ಸ್ ಯಹೂದಿಗಳ ಮನೆಗಳನ್ನೂ ಪ್ರಾರ್ಥನಾಮಂದಿರವನ್ನೂ ಕೆಡವಿ ಮಾರುಕಟ್ಟೆ ಮತ್ತು ಚರ್ಚು ಕಟ್ಟಲು ಅಪ್ಪಣೆ ಕೊಟ್ಟಿದ್ದ. ಹತ್ಯಾಕಾಂಡ ನಡೆದದ್ದು ಡಿಸೆಂಬರ್ 5ರಂದು. ಹೆಣ ಬೀಳುವ ಮೊದಲೇ ನಿವೇಶನ ಹಂಚಿಕೆ ಮುಗಿದಿತ್ತು.

ಮಧ್ಯಯುಗದವರು ಪಾಪ, ಏನೂ ತಿಳಿಯದವರು, ರೋಗಾಣು ಎಂದರೇನೆಂದು ಅರಿಯದವರು ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. 1348ರಲ್ಲೇ ಆವಿನ್ಯೋನ್‌ನಲ್ಲಿದ್ದ ಪೋಪ್ ಆರನೆಯ ಕ್ಲೆಮೆಂಟ್ ಎರಡು ಶಾಸನ ಹೊರಡಿಸಿದ್ದರು. ಅವರ ವಾದ ಶಾಲಾ ಮಕ್ಕಳಿಗೂ ಅರ್ಥವಾಗುವಂಥದ್ದು: ಪ್ಲೇಗಿನಿಂದ ಯಹೂದಿಗಳೂ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ನಾಡುಗಳಲ್ಲೂ ಜನ ಸಾಯುತ್ತಿದ್ದಾರೆ, ಅಂದಮೇಲೆ ಈ ಆರೋಪಕ್ಕೆ ಅರ್ಥವೇನು? ಕಲೋನ್ ನಗರಸಭೆ ಕೂಡ 1349ರ ಜನವರಿಯಲ್ಲಿ ಸ್ಟ್ರಾಸ್‌ಬರ್ಗ್‌ಗೆ ಪತ್ರ ಬರೆದು, ಪುರಾವೆಯಿಲ್ಲದೆ ಕೈಹಾಕಬೇಡಿ, ಜನರ ದೊಂಬಿಗೆ ದಾರಿಯಾದೀತು ಎಂದು ಎಚ್ಚರಿಸಿತ್ತು. ಅಂದರೆ ಸತ್ಯ ಅಂಚೆಯಲ್ಲಿ ಬಂದು ತಲುಪಿತ್ತು. ಅದು ಯಾರಿಗೂ ಬೇಕಿರಲಿಲ್ಲ. ಕಲೋನ್ ತಾನೇ ಬರೆದ ಪತ್ರವನ್ನು ಆಗಸ್ಟ್ ಹೊತ್ತಿಗೆ ಮರೆತು ತನ್ನ ಯಹೂದಿಗಳನ್ನು ಕೊಲ್ಲಲು ಬಿಟ್ಟಿತು.

ಅದೇ ಅಂಚೆಯಲ್ಲಿ ಇನ್ನೊಂದು ಬಗೆಯ ಕಾಗದಗಳೂ ಬಂದಿದ್ದವು. ಜಿನೀವಾ ಸರೋವರದ ದಡದಲ್ಲಿರುವ ಶಿಯೋನ್ ಕೋಟೆಯಲ್ಲಿ 1348ರ ಸೆಪ್ಟೆಂಬರಿನಲ್ಲಿ ಕೆಲವು ಯಹೂದಿಗಳಿಗೆ ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಳ್ಳಲಾಯಿತು. ವಿಷ ಯಾರು ಕೊಟ್ಟರು, ಯಾವ ಪೊಟ್ಟಣದಲ್ಲಿ ಕೊಟ್ಟರು, ಯಾವ ಬಾವಿಗೆ ಹಾಕಿದ್ದಾಯಿತು ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಕೋಟೆಯ ಅಧಿಕಾರಿ ಅದರ ಪ್ರತಿಯನ್ನು ಸ್ಟ್ರಾಸ್‌ಬರ್ಗ್‌ಗೆ ಕಳಿಸಿದ. ಸಂತೆಯ ಗಾಳಿಮಾತು ಆ ಕ್ಷಣದಿಂದ ಸರ್ಕಾರಿ ದಾಖಲೆಯಾಯಿತು. ಗಾಳಿಮಾತಿಗೆ ಕೈಕಾಲು ಬರುವುದು ಜನರ ಭಯದಿಂದ ಅಲ್ಲ, ಅಧಿಕಾರದ ಮೊಹರಿನಿಂದ.

ಮಕ್ಕಳ ವಿಷಯದ ವದಂತಿಯನ್ನೇ ನೋಡಬಹುದು. 1255ರಲ್ಲಿ ಇಂಗ್ಲೆಂಡಿನ ಲಿಂಕನ್‌ನಲ್ಲಿ ಒಬ್ಬ ಹುಡುಗನ ಹೆಣ ಸಿಕ್ಕಿದಾಗ, ಯಹೂದಿಗಳು ಮತಾಚರಣೆಗಾಗಿ ಕೊಂದರೆಂಬ ಮಾತು ಹಬ್ಬಿತು. ಅರಸ ಮೂರನೆಯ ಹೆನ್ರಿ ಅದನ್ನು ಅಲ್ಲಗಳೆಯಲಿಲ್ಲ. 19 ಯಹೂದಿಗಳನ್ನು ಗಲ್ಲಿಗೇರಿಸಿದ. ಇನ್ನು 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಕನ್ನಡಿಗರಿಗೆ ನೆನಪಿರಬಹುದು. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹರಿಯಿತು, ಮುಂದಿನ ಊರಿನವರು ದಾರಿಗೆ ಅಡ್ಡಗಟ್ಟಿದರು, ಒಬ್ಬ ಎಂಜಿನಿಯರ್ ಹೊಡೆತಕ್ಕೆ ಸತ್ತ. ವದಂತಿ ಒಂದೇ, ಜನರ ಆವೇಶವೂ ಒಂದೇ. ವ್ಯತ್ಯಾಸವಿದ್ದದ್ದು ಸರ್ಕಾರದ ನಡೆಯಲ್ಲಿ: ಮುರ್ಕಿಯಲ್ಲಿ ಪೊಲೀಸರು ಅವರನ್ನು ಉಳಿಸಲು ಹೋಗಿ ತಾವೂ ಗಾಯಗೊಂಡರು, ಆಮೇಲೆ ಹಲವರನ್ನು ಬಂಧಿಸಿದರು. ಹಾಗಾಗಿ ಅದು ಒಂದು ದಿನದ ಘೋರ ಅಪರಾಧವಾಗಿ ಉಳಿಯಿತು. ಒಂದು ಸಮುದಾಯದ ಮೇಲಿನ ತೀರ್ಪಾಗಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ 2020ರ ವಸಂತದಲ್ಲಿ ಅಕ್ಷರಶಃ ನಡೆಯಿತು. ದೆಹಲಿಯ ನಿಜಾಮುದ್ದೀನ್‌ನ ತಬ್ಲೀಗಿ ಸಮಾವೇಶದಿಂದ ಕೊರೋನಾ ಸೋಂಕು ಹರಡಿದ್ದು ನಿಜ. ಆದರೆ ಅದರಿಂದ ತಳ್ಳುಗಾಡಿಯ ಮುಸ್ಲಿಂ ಹಣ್ಣಿನ ವ್ಯಾಪಾರಿಯ ತನಕ ಎಳೆದ ಗೆರೆ ಸುಳ್ಳಿನದು. ಆ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ, ಎಲ್ಲೋ ನಡೆದ ಘಟನೆಗೆ ಇಡೀ ಮುಸ್ಲಿಂ ಸಮುದಾಯವನ್ನು ದೂರಿದರೆ ಕ್ರಮ ಕೈಗೊಳ್ಳುವುದಾಗಿ ಬಹಿರಂಗವಾಗಿ ಎಚ್ಚರಿಸಿದರು. ಅವರ ರಾಜಕೀಯ ಏನೇ ಇರಲಿ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಕುರ್ಚಿಯಿಂದ ಬಂದ ಮಾತದು. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗಿಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದದ್ದು ಆಗಸ್ಟ್‌ನಲ್ಲಿ. ನಾಲ್ಕು ತಿಂಗಳಲ್ಲಿ ಬೇಕಾದಷ್ಟು ಗಾಡಿಗಳು ಮಗುಚಿಬಿದ್ದಿದ್ದವು.

ವದಂತಿಗೆ ಅಧಿಕಾರದ ಮೊಹರು ಬಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದು ಜಪಾನ್. 1923ರ ಸೆಪ್ಟೆಂಬರ್ 1ರ ಭೂಕಂಪ ಟೋಕಿಯೋ, ಯೊಕೊಹಾಮಾಗಳನ್ನು ನೆಲಸಮ ಮಾಡಿತು. ಸತ್ತವರು ಒಂದು ಲಕ್ಷ ದಾಟಿದರು. ಕೊರಿಯನ್ನರು ಬೆಂಕಿ ಹಚ್ಚುತ್ತಿದ್ದಾರೆ, ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಸುದ್ದಿ ಗಂಟೆಗಳೊಳಗೆ ಹಬ್ಬಿತು. ಗೃಹ ಇಲಾಖೆ ಅದನ್ನು ತಡೆಯುವ ಬದಲು, ಕೊರಿಯನ್ನರ ಮೇಲೆ ಕಣ್ಣಿಡಿ ಎಂದು ನೌಕಾಪಡೆಯ ನಿಸ್ತಂತು ಕೇಂದ್ರದಿಂದ ಜಿಲ್ಲೆಗಳಿಗೆ ತಂತಿ ಕಳಿಸಿತು. ಊರೂರಲ್ಲಿ ಕಾವಲು ಪಡೆಗಳೆದ್ದವು. ದಾರಿಹೋಕರನ್ನು ನಿಲ್ಲಿಸಿ, ಕೊರಿಯನ್ ನಾಲಿಗೆಗೆ ಕಷ್ಟವಾದ ಜಪಾನಿ ಮಾತು ಹೇಳಿಸಿ, ತೊದಲಿದವರನ್ನು ಕೊಂದರು. ಚಿಬಾ ಪ್ರಾಂತ್ಯದ ಫುಕುದಾ ಹಳ್ಳಿಯಲ್ಲಿ ಹೀಗೆ ಸತ್ತ ಒಂಬತ್ತು ಮಂದಿ ಕೊರಿಯನ್ನರೂ ಅಲ್ಲ. ದೂರದ ಕಗಾವಾದಿಂದ ಬಂದಿದ್ದ ಔಷಧಿ ಮಾರುವ ಜಪಾನಿಯರು. ಅವರ ಆಡುನುಡಿ ಊರಿನವರಿಗೆ ಬೇರೆಯಾಗಿ ಕೇಳಿಸಿತ್ತು. ತ್ಸುರುಮಿಯ ಪೊಲೀಸ್ ಅಧಿಕಾರಿ ಓಕಾವಾ ತ್ಸುನೆಕಿಚಿ ಮಾತ್ರ ಸುಮಾರು 300 ಕೊರಿಯನ್ನರನ್ನು ಠಾಣೆಯಲ್ಲಿ ಇರಿಸಿಕೊಂಡು ಗುಂಪಿಗೆ ಎದುರಾಗಿ ನಿಂತ. ವಿಷವೆಂದು ಜನ ತಂದ ಬಾಟಲಿಯ ನೀರನ್ನು ಅವರೆದುರೇ ಕುಡಿದು ತೋರಿಸಿದನೆಂದೂ ಹೇಳುತ್ತಾರೆ.

ಕೊಲೆಯಾದ ಕೊರಿಯನ್ನರು ಆರು ಸಾವಿರದಷ್ಟು ಎಂಬ ಅಂದಾಜಿದೆ. ಪ್ರತಿ ವರ್ಷ ಅವರ ಸ್ಮರಣೆಗೆ ಟೋಕಿಯೋ ಗವರ್ನರ್‌ಗಳು ಕಳಿಸುತ್ತಿದ್ದ ಸಂದೇಶವನ್ನು ಯುರಿಕೊ ಕೊಯಿಕೆ 2017ರಿಂದ ನಿಲ್ಲಿಸಿದರು. 2023ರಲ್ಲಿ, ಭೂಕಂಪದ ನೂರನೆಯ ವರ್ಷಕ್ಕೆ, ಕೇಂದ್ರ ಸರ್ಕಾರದ ವಕ್ತಾರರು ಈ ಹತ್ಯೆಗಳನ್ನು ಖಚಿತಪಡಿಸುವ ದಾಖಲೆ ಸರ್ಕಾರದ ಬಳಿ ಇಲ್ಲ ಎಂದರು. ಅದೇ ಸರ್ಕಾರದ ವಿಪತ್ತು ತಡೆ ಮಂಡಳಿಗಾಗಿ ಹಿಂದೆಯೇ ಸಿದ್ಧವಾಗಿದ್ದ ವರದಿಯಲ್ಲಿ ಆ ಹತ್ಯೆಗಳ ಬಗ್ಗೆ ಬೇಕಾದಷ್ಟು ಪುಟಗಳಿವೆ.