ಕ್ಲೌಡ್‌ನಲ್ಲಿ ಹುಡುಕಿದಾಗ ಮೊದಲು ಕಂಡ ಇಮೇಜೇ ಸರಿಯಾದದ್ದೇ?

ಸಾಗರದಲ್ಲಿ ಕೂತು ಅಡಿಕೆ ಸೊಸೈಟಿಯೊಂದಕ್ಕೆ ವೆಬ್‌ಸೈಟ್ ಮಾಡುವವರು ಈಗ ಸರ್ವರ್ ಖರೀದಿಸಬೇಕಿಲ್ಲ. ಅಮೆಜಾನ್‌ನ ಎಡಬ್ಲ್ಯುಎಸ್‌ನಂತಹ ಕ್ಲೌಡ್ ಸೇವೆಗಳಲ್ಲಿ ವರ್ಚುವಲ್ ಮಶೀನ್ ಬಾಡಿಗೆಗೆ ಸಿಗುತ್ತದೆ. ಅದನ್ನು ಶುರುಮಾಡಲು ಒಂದು 'ಇಮೇಜ್' ಬೇಕು. ಹೆಸರು ಹಾಗಿದ್ದರೂ ಇದು ಚಿತ್ರವಲ್ಲ. ಆಪರೇಟಿಂಗ್ ಸಿಸ್ಟಂ, ಕೆಲವೊಮ್ಮೆ ಬೇರೆ ತಂತ್ರಾಂಶಗಳೂ ಇರುವ ಡಿಸ್ಕ್‌ನ ಪಡಿಯಚ್ಚು.

'ಉಬುಂಟು' ಎಂದು ಹುಡುಕಿದರೆ ರಾಶಿ ಫಲಿತಾಂಶ ಬರುತ್ತದೆ. ಮೇಲೆ ಕಂಡದ್ದೇ ಅಧಿಕೃತ ಎನ್ನುವುದು ತಪ್ಪು ನಂಬಿಕೆ. 'ಕಮ್ಯುನಿಟಿ' ವಿಭಾಗಕ್ಕೆ ಬಹುತೇಕ ಯಾರು ಬೇಕಾದರೂ ಇಮೇಜ್ ಸೇರಿಸಬಹುದು, ಅದಕ್ಕೆ ಯಾವ ಹೆಸರನ್ನಾದರೂ ಇಡಬಹುದು. ಅಂತಹ ಒಂದು ವಿಂಡೋಸ್ ಸರ್ವರ್ 2008 ಇಮೇಜ್‌ನೊಳಗೆ 'ಮೊನೆರೊ' ಎಂಬ ಕ್ರಿಪ್ಟೋ ಹಣ ಗಳಿಸುವ ತಂತ್ರಾಂಶ ಅಡಗಿದ್ದನ್ನು ಮಿಟಿಗಾ ಸಂಸ್ಥೆ 2020ರಲ್ಲಿ ಪತ್ತೆಮಾಡಿತು. ದುಡಿಯುವುದು ನಮ್ಮ ಮಶೀನ್, ಬಿಲ್ ನಮಗೆ, ಲಾಭ ಮಾತ್ರ ಇನ್ಯಾರಿಗೋ! ಹಾಗಾಗಿ ನೋಡಬೇಕಾದ್ದು ಹೆಸರನ್ನಲ್ಲ, ಮಾಲೀಕರ ಖಾತೆ ಸಂಖ್ಯೆಯನ್ನು. ಉಬುಂಟು ರೂಪಿಸುವ ಕೆನಾನಿಕಲ್‌ ಸಂಸ್ಥೆಯದು 099720109477.

ಹಳೆಯ ಲೇಖನದಲ್ಲಿದ್ದ ಇಮೇಜ್ ಸಂಖ್ಯೆಯನ್ನು ನಕಲು ಮಾಡಿದರೆ 'ಸಿಗಲಿಲ್ಲ' ಎಂಬ ಉತ್ತರ ಬರುವುದೂ ಉಂಟು. ಕ್ಲೌಡ್ ಇರುವುದು ಮೋಡದಲ್ಲಲ್ಲ, ನೆಲದ ಮೇಲಿನ ಕಟ್ಟಡಗಳಲ್ಲಿ. ಎಡಬ್ಲ್ಯುಎಸ್ 2016ರಲ್ಲಿ ಮುಂಬೈಯಲ್ಲೂ 2022ರಲ್ಲಿ ಹೈದರಾಬಾದ್‌ನಲ್ಲೂ ತನ್ನ 'ರೀಜನ್' ತೆರೆಯಿತು. ಅದೇ ಉಬುಂಟುವಿಗೆ ಅಲ್ಲೊಂದು ಸಂಖ್ಯೆ, ಇಲ್ಲೊಂದು ಸಂಖ್ಯೆ. ಚಿಪ್ ಕೂಡ ಹೊಂದಬೇಕು: ಇಂಟೆಲ್ ಮಶೀನ್‌ಗೆ ಮಾಡಿದ ಇಮೇಜ್ ಆರ್ಮ್ ವಿನ್ಯಾಸದ ಗ್ರಾವಿಟಾನ್‌ನಲ್ಲಿ ಓಡುವುದಿಲ್ಲ. ವಯಸ್ಸನ್ನೂ ಗಮನಿಸಿ. ಸೆಂಟ್‌ಒಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಮಾರ್ಗದರ್ಶಿಗಳು ಇದನ್ನು ಹೇಳುವುದು ಕಡಿಮೆ. ಸರ್ವರ್ ಇಮೇಜ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ವೆಬ್‌ಪುಟ ತೆರೆದರೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಬಳಕೆಯಾಗುವುದು ಓದುಗರ ಮೊಬೈಲ್‌ನಲ್ಲಿರುವ ಫಾಂಟ್. ಆದರೆ ಸದಸ್ಯರ ರಸೀದಿಯ ಪಿಡಿಎಫ್ ಸರ್ವರ್‌ನಲ್ಲೇ ತಯಾರಾಗುವಂತಿದ್ದರೆ ಹೆಸರಿನ ಜಾಗದಲ್ಲಿ ಬರೀ ಖಾಲಿ ಚೌಕಗಳು ಕಾಣುತ್ತವೆ. ಇದಕ್ಕಾಗಿ ಅಪರಿಚಿತರ 'ಕನ್ನಡ ಇಮೇಜ್' ಹುಡುಕಬೇಡಿ. ಅಧಿಕೃತ ಉಬುಂಟು ತೆಗೆದುಕೊಂಡು 'ಗುಬ್ಬಿ', 'ನವಿಲು' ಫಾಂಟ್‌ಗಳ ಪ್ಯಾಕೇಜ್ ಹಾಕಿಕೊಂಡರೆ ಸಾಕು.

ಹೀಗೆ ಸಿದ್ಧವಾದ ಮಶೀನ್‌ನಿಂದ ನಿಮ್ಮದೇ ಇಮೇಜ್ ಮಾಡಿಟ್ಟುಕೊಳ್ಳಬಹುದು. ಅದನ್ನು ಇಡುವ ಜಾಗಕ್ಕೆ ಬಾಡಿಗೆ ಇದೆ. ಬೇರೆಯವರಿಗೆ ಹಂಚುವುದಾದರೆ ಅದರೊಳಗಿನ ಪಾಸ್‌ವರ್ಡ್, ಲಾಗಿನ್ ಕೀಗಳನ್ನು ಮೊದಲು ಅಳಿಸಿ. ಪಡಿಯಚ್ಚಿನಲ್ಲಿ ಅವೂ ಹೋಗುತ್ತವೆ.